1997ರ ಶೆವ್ರೊಲೆ ಟ್ರಕ್ ಮಿಸ್ಸಿಂಗ್ ಹೊಡೆಯುತ್ತಿದೆ, ಪೆಟ್ರೋಲ್ ಪ್ರೆಶರ್ ಗೇಜ್ 54 ಪಿಎಸ್‌ಐ ತೋರಿಸುತ್ತಿದೆ. ಪಂಪ್ ಬದಲಾಯಿಸಬೇಕಾ?

ಪಂಪ್ ಟ್ಯಾಂಕ್ ಒಳಗಿದೆ ಅಂತ ಈಗಲೇ ಟ್ಯಾಂಕ್ ಇಳಿಸಬೇಡಿ. ಹೊಸ ಪ್ಲಗ್, ಹೊಸ ವೈರ್ ಹಾಕಿದರೂ ಮಿಸ್ಸಿಂಗ್ ನಿಂತಿಲ್ಲ, ಬೆಳಿಗ್ಗೆ ತುಂಬಾ ಹೊತ್ತು ಸೆಲ್ಫ್ ಹೊಡೆಯಬೇಕು ಅಂತ ಬರೆದಿದ್ದೀರಿ. ಅನುಮಾನ ಪೆಟ್ರೋಲ್ ಕಡೆ ಹೋಗುವುದು ಸರಿಯೇ. ಆದರೆ ಪ್ರೆಶರ್ ಕಡಿಮೆ ಇದೆ ಅಂದ ಮಾತ್ರಕ್ಕೆ ಪಂಪ್ ಹೋಗಿದೆ ಅಂತಲ್ಲ.

ನಿಮ್ಮ 5.7 ಲೀಟರ್ ವೋರ್ಟೆಕ್ ಇಂಜಿನ್‌ಗೆ, ಸ್ಟಾರ್ಟ್ ಮಾಡದೆ ಬರೀ ಕೀ ಆನ್ ಮಾಡಿದಾಗ 60ರಿಂದ 66 ಪಿಎಸ್‌ಐ ಬರಬೇಕು. ಬೇರೆ ಎಷ್ಟೋ ಹಳೇ ಗಾಡಿಗಳಿಗೆ 54 ಧಾರಾಳವಾಯಿತು. ಇದಕ್ಕೆ ಸಾಲದು. ಇದರಲ್ಲಿ ಇಂಜೆಕ್ಟರ್‌ನಿಂದ ಪ್ರತಿ ಸಿಲಿಂಡರ್‌ಗೂ ಒಂದು ಸಣ್ಣ ಪೈಪ್ ಹೋಗುತ್ತದೆ, ಅದರ ತುದಿಯಲ್ಲಿ ಸ್ಪ್ರಿಂಗ್ ಇರುವ ಪುಟ್ಟ ವಾಲ್ವ್ ಇದೆ. ಆ ವಾಲ್ವ್ ತೆರೆಯುವುದೇ ಪೆಟ್ರೋಲ್ ಒತ್ತಡದಿಂದ. ಒತ್ತಡ ಇಳಿದರೆ ಕೆಲವು ಸಿಲಿಂಡರ್‌ಗೆ ಸರಿಯಾಗಿ ಬೀಳಲ್ಲ. ಸ್ಕ್ಯಾನರ್‌ನಲ್ಲಿ ಪಿ0300 (ಬೇರೆ ಬೇರೆ ಸಿಲಿಂಡರ್‌ಗಳಲ್ಲಿ ಮಿಸ್ಸಿಂಗ್ ಅನ್ನುವ ಕೋಡ್) ಬರುತ್ತದೆ, ನಾವು ಪ್ಲಗ್ ಬದಲಾಯಿಸುತ್ತಾ ಕೂರುತ್ತೇವೆ.

ಮೊದಲು ಇಂಜಿನ್ ಓಡುತ್ತಿರುವಾಗ ಪಂಪ್‌ನ ಕನೆಕ್ಟರ್ ಹತ್ತಿರ ವೋಲ್ಟೇಜ್ ನೋಡಿ. ಬ್ಯಾಟರಿಯಲ್ಲಿ 14 ಇದ್ದು ಅಲ್ಲಿ 11.5 ಬರುತ್ತಿದ್ದರೆ ಎಲ್ಲೋ ವೈರ್, ರಿಲೇ ಅಥವಾ ಅರ್ಥ್ ಕೆಟ್ಟಿದೆ. ಹೊಸ ಪಂಪ್ ಹಾಕಿದರೂ ಅದೇ ಕಥೆ. ತುಕ್ಕು ಹಿಡಿದ ಅರ್ಥ್ ಪಾಯಿಂಟ್ ಹಳೇ ಗಾಡಿಯಲ್ಲಿ ತುಂಬಾ ಮಾಮೂಲಿ. ಫಿಲ್ಟರ್ ಎಷ್ಟು ದಿನದ್ದು ಅಂತ ನೆನಪಿಲ್ಲದಿದ್ದರೆ ಅದನ್ನೂ ಸುಮ್ನೆ ಬದಲಾಯಿಸಿಬಿಡಿ.

ಆಮೇಲೆ ಕೀ ಆಫ್ ಮಾಡಿ ಗೇಜ್ ಮುಂದೆ ಹತ್ತು ನಿಮಿಷ ನಿಲ್ಲಿ. 5 ಪಿಎಸ್‌ಐಗಿಂತ ಜಾಸ್ತಿ ಇಳಿಯಬಾರದು. ನನ್ನ ಪ್ರಕಾರ ನಿಮ್ಮ ಉತ್ತರ ಇಲ್ಲೇ ಸಿಗುತ್ತದೆ, ಯಾಕಂದ್ರೆ ಬೆಳಿಗ್ಗೆ ಕಷ್ಟಪಟ್ಟು ಸ್ಟಾರ್ಟ್ ಆಗುವುದು ರಾತ್ರಿ ಪ್ರೆಶರ್ ಸೋರಿಹೋಗುವ ಲಕ್ಷಣ. ಬೇಗ ಇಳಿದರೆ ಮತ್ತೆ ಪ್ರೆಶರ್ ತುಂಬಿಸಿ, ಪಂಪ್‌ನಿಂದ ಬರುವ ಲೈನ್ ಮುಚ್ಚಿ ನೋಡಿ. ಈಗ ಪ್ರೆಶರ್ ಇಳಿಯದೆ ನಿಂತರೆ ಪಂಪ್ ಒಳಗಿನ ಚೆಕ್ ವಾಲ್ವ್ (ಪೆಟ್ರೋಲ್ ವಾಪಸ್ ಹೋಗದಂತೆ ತಡೆಯುವ ವಾಲ್ವ್) ಸೋರುತ್ತಿದೆ. ಟ್ಯಾಂಕ್‌ಗೆ ವಾಪಸ್ ಹೋಗುವ ರಿಟರ್ನ್ ಲೈನ್ ಮುಚ್ಚಿದಾಗ ನಿಂತರೆ ಸೋರುತ್ತಿರುವುದು ರೆಗ್ಯುಲೇಟರ್, ಅಂದರೆ ಪ್ರೆಶರ್ ಹಿಡಿತದಲ್ಲಿಡುವ ಭಾಗ. ಎರಡರಲ್ಲೂ ನಿಲ್ಲದಿದ್ದರೆ ಸೋರಿಕೆ ಇಂಜಿನ್ ಒಳಗೇ ಇದೆ. ರಬ್ಬರ್ ಹೋಸ್ ಇರುವ ಕಡೆ ಮಾತ್ರ ಕ್ಲ್ಯಾಂಪ್ ಹಾಕಿ, ನೈಲಾನ್ ಪೈಪ್ ಹಿಸುಕಿದರೆ ಸೀಳಿಹೋಗುತ್ತದೆ.

ಈ ಇಂಜಿನ್‌ನಲ್ಲಿ ರೆಗ್ಯುಲೇಟರ್ ಕೂಡ ಇನ್‌ಟೇಕ್ (ಇಂಜಿನ್‌ಗೆ ಗಾಳಿ ಹೋಗುವ ದಾರಿ) ಒಳಗೇ ಇರುವುದರಿಂದ ಸೋರಿದರೂ ಹೊರಗೆ ಒಂದು ಹನಿ ಕಾಣಲ್ಲ. ಥ್ರಾಟಲ್ ಬಾಡಿ ಬಿಚ್ಚಿ ಟಾರ್ಚ್ ಬಿಟ್ಟು ನೋಡಿ. ಒಳಗೆಲ್ಲ ಕಪ್ಪು ಮಸಿ ಇದ್ದು ಒಂದು ಕಡೆ ಮಾತ್ರ ತೊಳೆದಿಟ್ಟಂತೆ ಹೊಳೆಯುತ್ತಿದ್ದರೆ ಪೆಟ್ರೋಲ್ ಬೀಳುತ್ತಿರುವ ಜಾಗ ಅದೇ. ಅದರ ಹತ್ತಿರದ ಸಿಲಿಂಡರ್‌ಗಳ ಪ್ಲಗ್ ಕಪ್ಪಗಿರುವ ಸಾಧ್ಯತೆ ಜಾಸ್ತಿ.

ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್‌ನ ಕ್ಯಾಪ್ ಬದಲಾಯಿಸಿದ್ದೀರಾ? ಅದನ್ನು ಬರೆದಿಲ್ಲ. ಕ್ಯಾಪ್ ಒಳಗೆ ಪೆನ್ಸಿಲ್ ಗೀಟಿನಂಥ ಕಪ್ಪು ಗೆರೆ ಇದ್ದರೆ ಕರೆಂಟ್ ಅಲ್ಲಿಂದಲೇ ದಾರಿ ತಪ್ಪುತ್ತಿದೆ. ಸ್ಕ್ಯಾನರ್‌ನಲ್ಲಿ ಫ್ಯೂಯಲ್ ಟ್ರಿಮ್ ಕೂಡ ನೋಡಿ, ಅಂದರೆ ಗಾಡಿಯ ಕಂಪ್ಯೂಟರ್ ಪೆಟ್ರೋಲನ್ನು ಶೇಕಡಾ ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಅನ್ನುವ ಲೆಕ್ಕ. ಲೋಡ್ ಬಿದ್ದಾಗ ಇಂಜಿನ್‌ನ ಎರಡು ಬದಿಯ ಸಿಲಿಂಡರ್ ಸಾಲು, ಅಂದರೆ ಎರಡೂ ಬ್ಯಾಂಕ್‌ನಲ್ಲಿ ಪ್ಲಸ್ 15, 20 ಅಂತ ಏರಿದರೆ ಪೆಟ್ರೋಲ್ ಸಾಲುತ್ತಿಲ್ಲ. ಸೊನ್ನೆಯ ಆಸುಪಾಸಿನಲ್ಲೇ ಇದ್ದು ಮಿಸ್ಸಿಂಗ್ ಇದ್ದರೆ ಕ್ಯಾಪ್, ರೋಟರ್, ಕಾಯಿಲ್ ಕಡೆ ತಿರುಗಿ.

ದಯವಿಟ್ಟು ಗೇಜ್ ಹಾಕುವಾಗಲೂ ತೆಗೆಯುವಾಗಲೂ ಇಂಜಿನ್ ತಣ್ಣಗಿರಲಿ, ಗೇಜ್ ಸಿಕ್ಕಿಸುವ ಪೋರ್ಟ್ ಮೇಲೆ ಬಟ್ಟೆ ಸುತ್ತಿ. 60 ಪಿಎಸ್‌ಐನಲ್ಲಿ ಪೆಟ್ರೋಲ್ ಕಣ್ಣಿಗೆ ಚಿಮ್ಮುತ್ತದೆ.

ಪಂಪ್ ಹತ್ತಿರದ ವೋಲ್ಟೇಜ್, ಹತ್ತು ನಿಮಿಷದ ನಂತರದ ಪ್ರೆಶರ್, ಲೋಡ್‌ನಲ್ಲಿ ಟ್ರಿಮ್ ಎಷ್ಟು ಅಂತ ಕಾಮೆಂಟ್‌ನಲ್ಲಿ ಹಾಕಿ. ನೋಡಿ ಹೇಳುತ್ತೇನೆ.