ಗುಂಡಿ ಹಾರಿದ್ರೆ ಸ್ಟೇರಿಂಗ್ ಕಿತ್ಕೊಳ್ಳತ್ತೆ

ಪ್ರಶ್ನೆ: ಹಳೇ ಪಿಕಪ್ಪು, ಮುಂದೆ ಸಾಲಿಡ್ ಆಕ್ಸಲ್ (ಎರಡೂ ಚಕ್ರಕ್ಕೆ ಒಂದೇ ಗಟ್ಟಿ ಅಚ್ಚು). ತುಮಕೂರು ರೋಡಲ್ಲಿ 60ರ ಮೇಲೆ ಗುಂಡಿ ಸಿಕ್ರೆ ಸ್ಟೇರಿಂಗ್ ಭಯಂಕರವಾಗಿ ನಡುಗತ್ತೆ ಸಾರ್, ಪೂರ್ತಿ ಸ್ಲೋ ಮಾಡಿದ್ರೇನೇ ನಿಲ್ಲೋದು. ಎರಡು ಸಲ ವೀಲ್ ಬ್ಯಾಲೆನ್ಸಿಂಗ್ ಆಯ್ತು.
— ಓದುಗರು, ಯಶವಂತಪುರ

ಉತ್ತರ: ಬರೀ ಬ್ಯಾಲೆನ್ಸಿಂಗ್ ಪ್ರಾಬ್ಲಮ್ ಆಗಿದ್ರೆ ಗುಂಡಿಗೆ ಕಾಯಲ್ಲ ಸಾರ್, ಎಲ್ಲೋ ಜಾಯಿಂಟ್ ಸವೆದಿದೆ. ಗಾಡಿ ನೆಲದ ಮೇಲೇ ಇರ್ಲಿ, ಒಬ್ರು ಸ್ಟೇರಿಂಗನ್ನ ಆಕಡೆ ಈಕಡೆ ಆಡಿಸ್ತಿರ್ಲಿ, ನೀವು ಟೈ ರಾಡ್ ಎಂಡು (ಮುಂದಿನ ಎರಡು ಚಕ್ರ ಜೋಡಿಸೋ ರಾಡಿನ ತುದಿ ಜಾಯಿಂಟು), ಡ್ರ್ಯಾಗ್ ಲಿಂಕ್ (ಸ್ಟೇರಿಂಗ್ ಬಾಕ್ಸ್ ಕಡೆಯಿಂದ ಚಕ್ರಕ್ಕೆ ಬರೋ ರಾಡು) ಒಂದೊಂದೇ ಕೈಯಿಟ್ಟು ನೋಡಿ, ಪ್ಲೇ, ಅಂದ್ರೆ ಸಡಿಲ ಆಟ, ಇದ್ರೆ ಬೆರಳಿಗೇ ಗೊತ್ತಾಗತ್ತೆ. ಆಮೇಲೆ ಜಾಕ್ ಹಾಕಿ, ಸ್ಟ್ಯಾಂಡ್ ಕೊಟ್ಟು, ಚಕ್ರನ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಬ್ರೇಕ್ ಒತ್ತಿದಾಗ ಆಟ ನಿಂತ್ರೆ ಬೇರಿಂಗು, ನಿಲ್ದಿದ್ರೆ ಕಿಂಗ್‌ಪಿನ್ (ಚಕ್ರ ಎಡಕ್ಕೆ ಬಲಕ್ಕೆ ಹೊರಳೋ ಪಿನ್ನು). ಸ್ಟೇರಿಂಗ್ ಡ್ಯಾಂಪರ್ (ಸ್ಟೇರಿಂಗ್ ನಡುಕ ತಡೆಯೋ ಶಾಕ್ ಅಬ್ಸಾರ್ಬರ್) ಹಾಕ್ಸಿ ಸಾಕು ಅಂತ ಯಾರಾದ್ರೂ ಅಂದ್ರೆ ದಯವಿಟ್ಟು ಒಪ್ಬೇಡಿ, ಅದು ರೋಗ ಮುಚ್ಚಿಡತ್ತೆ ಅಷ್ಟೇ. ರಿಪೇರಿ ಆಗೋವರ್ಗೂ ಲೋಡ್ ಹಾಕ್ಕೊಂಡು ಹೈವೇಗೆ ಹೋಗ್ಲೇಬೇಡಿ.