ಗಾಜಿನ ಆಚೆ ಚಿರತೆ, ಗಾಜಿನ ಮೇಲೆ ಟ್ಯೂಬ್‌ಲೈಟ್

ಮಂಡ್ಯದಿಂದ ಬರೆದಿರೋ ಓದುಗರಿಗೆ ನಮಸ್ಕಾರ. ಮಕ್ಕಳನ್ನ ಕರ್ಕೊಂಡು ಮೈಸೂರಿನ ಕಾರಂಜಿ ಕೆರೆ ಪಕ್ಕದ ಪ್ರಾಕೃತಿಕ ಇತಿಹಾಸ ಸಂಗ್ರಹಾಲಯ ನೋಡಿ, ಹಾಗೇ ಝೂಗೂ ಹೋಗಿ ಬಂದ್ರಿ, ಫೋಟೋದಲ್ಲಿ ಪ್ರಾಣಿಗಿಂತ ಟ್ಯೂಬ್‌ಲೈಟು, ನಿಮ್ಮ ಬಿಳಿ ಶರ್ಟೇ ಜಾಸ್ತಿ ಕಾಣ್ತಿದೆ, ಹೊಸ ಕ್ಯಾಮೆರಾ ತಗೋಬೇಕಾ, ಫ್ಲ್ಯಾಶ್ ಹಾಕಿದ್ರೆ ಪ್ರಾಣಿಗೆ ನಿಜವಾಗ್ಲೂ ತೊಂದ್ರೆ ಆಗುತ್ತಾ ಅಂತ ಕೇಳಿದೀರ.

ಕ್ಯಾಮೆರಾಗೆ ದುಡ್ಡು ಹಾಕ್ಬೇಡಿ. ಕೈಲಿರೋ ಮೊಬೈಲೇ ಸಾಕು. ಲೆನ್ಸನ್ನ ಗಾಜಿಗೆ ಮೆಲ್ಲಗೆ ತಾಗಿಸಿ ಹಿಡೀರಿ, ಸುತ್ತ ಕರಿ ಬಟ್ಟೆ ಇಟ್ರೆ ಪ್ರತಿಬಿಂಬ ಬಹುಪಾಲು ಹೋಗೇ ಹೋಗುತ್ತೆ, ಗಾಢ ಬಣ್ಣದ ಅಂಗಿ ಹಾಕೊಂಡು ಹೋದ್ರೆ ಇನ್ನೂ ಒಳ್ಳೇದು. ಪ್ರತಿಬಿಂಬ ತಗ್ಗಿಸೋಕೆ ಲೆನ್ಸ್ ಮುಂದೆ ಹಾಕೋ ಪೋಲರೈಸರ್ ಫಿಲ್ಟರ್ ಬಗ್ಗೆ ಯಾರೋ ಹೇಳಿದ್ರು ಅಂದಿದೀರ, ಅದು ಗಾಜಿಗೆ ಓರೆಯಾಗಿ ನಿಂತಾಗ ಮಾತ್ರ ಕೆಲಸ ಮಾಡುತ್ತೆ, ನೇರ ಎದುರಿಗೆ ನಿಂತ್ರೆ ಏನೂ ಪ್ರಯೋಜನ ಇಲ್ಲ, ಮೇಲಾಗಿ ಇರೋ ಸ್ವಲ್ಪ ಬೆಳಕನ್ನೂ ತಿಂದುಹಾಕುತ್ತೆ. ಫೋಟೋದಲ್ಲಿ ಕಪ್ಪು ಪಟ್ಟೆ ಬಂದಿರೋದು ಲೈಟಿನ ಮಿಣುಕಿಂದ. ನಮ್ಮ ಕರೆಂಟು 50 ಹರ್ಟ್ಜ್, ಹಾಗಾಗಿ ಆ ಲೈಟು ಸೆಕೆಂಡಿಗೆ 100 ಸಲ ಮಿಣುಕುತ್ತೆ, ಶಟರ್, ಅಂದ್ರೆ ಕ್ಯಾಮೆರಾ ಬೆಳಕು ಒಳಗೆ ಬಿಟ್ಕೊಳ್ಳೋ ಹೊತ್ತನ್ನ, 1/50 ಅಥವಾ 1/100 ಸೆಕೆಂಡಿಗೆ ಇಡಿ ಸರಿಹೋಗುತ್ತೆ.

ಒಳಗೆ ಕತ್ತಲೆ ಅಂತ ಬೇಜಾರು ಮಾಡ್ಕೊಂಡಿದೀರ. ಮ್ಯೂಸಿಯಂಗಳಲ್ಲಿ ಬೇಕು ಅಂತಾನೇ ಬೆಳಕು ಕಮ್ಮಿ ಇಡ್ತಾರೆ, ಗರಿ, ಚರ್ಮ, ಚಿಟ್ಟೆ ಇಂಥವಕ್ಕೆ ಸುಮಾರು 50 ಲಕ್ಸ್ (ಬೆಳಕಿನ ಅಳತೆ) ಅಷ್ಟೇ. ಬೆಳಕಿಂದ ಆಗೋ ಹಾನಿ ವರ್ಷ ವರ್ಷ ಕೂಡ್ತಾ ಹೋಗುತ್ತೆ, ಹೋದ ಬಣ್ಣ ವಾಪಸ್ ಬರಲ್ಲ. ಮೈಸೂರಿನೋರಿಗೆ ಇದು ಗೊತ್ತಿರೋ ವಿಷಯ, ಸತ್ತ ಪ್ರಾಣಿಗಳನ್ನ ಸ್ಟಫ್ ಮಾಡಿ ನಿಲ್ಲಿಸ್ತಿದ್ದ ವ್ಯಾನ್ ಇಂಗೆನ್ ಅವರ ಕಾರ್ಖಾನೆಯಿಂದ ಹುಲಿ ಚಿರತೆಗಳು ಪ್ರಪಂಚದ ಮೂಲೆ ಮೂಲೆಗೆ ಹೋದ ಊರಲ್ವಾ ಇದು. 1972ರ ವನ್ಯಜೀವಿ ಕಾಯ್ದೆ ಬಂದ್ಮೇಲೆ ಬೇಟೆಯಾಡಿ ಹೊಸದೊಂದನ್ನ ತಂದು ನಿಲ್ಲಿಸೋ ಹಾಗಿಲ್ಲ, ಇರೋದನ್ನ ಉಳಿಸ್ಕೋಬೇಕು. ಅದಕ್ಕೇ ಕ್ಯಾಮೆರಾದ ಐಎಸ್‌ಒ, ಅಂದ್ರೆ ಬೆಳಕಿನ ಸೂಕ್ಷ್ಮತೆ, ಜಾಸ್ತಿ ಮಾಡ್ಕೊಳ್ಳಿ, ಸ್ವಲ್ಪ ಕಾಳು ಕಾಳಾಗಿ ಬಂದ್ರೂ ಪರವಾಗಿಲ್ಲ. ನಿಂತಿರೋ ಚಿರತೆ ಎಲ್ಲೂ ಓಡಲ್ಲ, ಮೊಣಕಾಲೂರಿ ಅದರ ಕಣ್ಣಿನ ಮಟ್ಟಕ್ಕೆ ಇಳಿದು ತೆಗೀರಿ.

ಜೀವ ಇರೋದ್ರ ವಿಷಯದಲ್ಲಿ ಮಾತ್ರ ನಾನು ಗಟ್ಟಿಯಾಗೇ ಹೇಳ್ತೀನಿ, ಫ್ಲ್ಯಾಶ್ ಬೇಡ್ವೇ ಬೇಡ. ಹಾವಿಗೆ ರೆಪ್ಪೆ ಇಲ್ಲ, ಕಣ್ಣು ಮುಚ್ಚೋಕೆ ಆಗಲ್ಲ. ಕಾಡುಪಾಪ, ಗೂಬೆಗಳ ಕಣ್ಣು ಇರುಳ ಬೆಳಕಿಗೆ ಅಂತ ಆಗಿರೋದು, ಹತ್ತಿರದಿಂದ ಫಳ್ ಅಂತ ಬೆಳಕು ಬಿದ್ರೆ ಅವಕ್ಕೆ ಸ್ವಲ್ಪ ಹೊತ್ತು ಏನೂ ಕಾಣಲ್ಲ. ಗಾಜು ತಟ್ಟೋದೂ ಅಷ್ಟೇ ತಪ್ಪು, ಹಾವು ಕಂಪನಾನ ದವಡೆಯ ಮೂಳೆಯಿಂದ ಗ್ರಹಿಸುತ್ತೆ, ಭಾನುವಾರ ಪೂರ್ತಿ ಜನ ಬಂದು ಬಂದು ತಟ್ಟಿದ್ರೆ ಅದರ ಗತಿ ಏನು ಹೇಳಿ? ಮಕ್ಕಳಿಗೆ ಇದನ್ನ ಅಲ್ಲೇ ನಿಂತು ಹೇಳ್ಕೊಡಿ. ಹಾವು ಮೂಲೇಲಿ ಸುತ್ಕೊಂಡು ಮಲಗಿದ್ರೆ ಮಲಗಿರೋದನ್ನೇ ತೆಗೀರಿ, ಇಲ್ಲಾಂದ್ರೆ ಮುಂದಕ್ಕೆ ನಡೀರಿ.

ಚೆನ್ನಾಗಿ ಬಂದಿರೋದನ್ನ ನಮಗೂ ಕಳಿಸಿ. ಚಿತ್ರದ ಕೆಳಗೆ ಎಲ್ಲಿ ತೆಗೆದಿದ್ದು, ಸ್ಟಫ್ ಮಾಡಿದ್ದಾ, ಮಾದರಿನಾ, ಝೂದಾ ಅಂತ ಬರೀರಿ. ಅದಿಲ್ದೆ ಬಂದಿದ್ದನ್ನ ನಾವು ಹಾಕಲ್ಲ.