ಸೋತ ವ್ಯಾಪಾರವನ್ನು ಇಂಟರ್‌ವ್ಯೂನಲ್ಲಿ ಹೇಳಬಹುದಾ?

ಬಿಬಿಎ ಓದುತ್ತಾ ತೀರ್ಥಹಳ್ಳಿಯಲ್ಲಿ ಮಾಡಿದ ಅಡಿಕೆ ಹಾಳೆ ತಟ್ಟೆ ವ್ಯಾಪಾರದಲ್ಲಿ 18,000 ರೂಪಾಯಿ ಹೋಯ್ತು, ಇಂಟರ್‌ವ್ಯೂನಲ್ಲಿ ಮುಚ್ಚಿಡಬೇಕಾ ಅಂತ ಕೇಳಿದ್ದೀರಿ. ಬೇಡ, ಧೈರ್ಯವಾಗಿ ಹೇಳಿ. ಆದರೆ ತಪ್ಪನ್ನು ಮಳೆಯ ಮೇಲೆ ಹಾಕಬೇಡಿ. ಜೂನ್‌ನಲ್ಲಿ ಮಳೆ ಹಿಡಿಯುವುದು ಮಲೆನಾಡಿನವರಿಗೆ ಗೊತ್ತಿರುವುದೇ, ಅಲ್ವಾ? ಹಾಳೆ ಚೆನ್ನಾಗಿ ಒಣಗದಿದ್ದರೆ ತಟ್ಟೆಗೆ ಬೂಷ್ಟು ಬರುತ್ತದೆ. ಬೇಸಿಗೆಯಲ್ಲೇ ಒಣಗಿಸಿ ಇಡದೆ ಆರ್ಡರ್ ಹಿಡಿದಿದ್ದು ನಿಮ್ಮ ಲೆಕ್ಕದ ತಪ್ಪು. ಹಾಗೇ ಹೇಳಿ.

ನೀವು ಒಂದೇ ಸಾಲಿನಲ್ಲಿ ದಾಟಿಸಿದ ಮಾತು ನನಗೆ ತುಂಬಾ ಹಿಡಿಸಿತು: ತಟ್ಟೆಗೆ ಆರ್ಡರ್ ಕೊಟ್ಟಿದ್ದ ಅಡುಗೆ ಕಂಟ್ರಾಕ್ಟರ್‌ಗೆ ನೀವೇ ಫೋನ್ ಮಾಡಿ ಅಡ್ವಾನ್ಸ್ ವಾಪಸ್ ಕೊಟ್ಟಿರಿ. ಬಯೋಡೇಟಾದಲ್ಲಿ ಸುಮ್ನೆ 'ಜವಾಬ್ದಾರಿ ಇದೆ' ಅಂತ ಬರೆಯುವುದಕ್ಕಿಂತ ಇದಕ್ಕೆ ತೂಕ ಜಾಸ್ತಿ. ಉತ್ತರ ಹೇಳುವಾಗ ಸ್ಟಾರ್ (STAR) ಕ್ರಮ ಹಿಡಿಯಿರಿ: ಸಂದರ್ಭ (Situation), ಹೊಣೆ (Task), ಮಾಡಿದ್ದು (Action), ಫಲ (Result). ಎರಡು ನಿಮಿಷ ಸಾಕು. ಮೊದಲು ಮನೆಯಲ್ಲಿ ಕನ್ನಡದಲ್ಲೇ ಗಟ್ಟಿಯಾಗಿ ಹೇಳಿ ನೋಡಿ, ಇಂಗ್ಲಿಷ್ ಆಮೇಲೆ.